ಮ್ಯಾಕ್ ವಿಳಾಸ ಹುಡುಕೋಕೆ ನನ್ನ ಓಟು ಗೆಟ್‌ಮ್ಯಾಕ್‌ಗೆ

ಕಂಪ್ಯೂಟರಿನ ಮ್ಯಾಕ್ ವಿಳಾಸ, ಅಂದರೆ ನೆಟ್‌ಗೆ ಸೇರಿಸುವ ಲ್ಯಾನ್, ವೈಫೈಗಳಿಗೆ ಇರುವ ಆರು ಜೋಡಿ ಅಂಕಿ-ಅಕ್ಷರಗಳ ಗುರುತು, ಬೇಕೆಂದರೆ ನಾನೀಗ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೊಡೆಯುವ ಗೆಟ್‌ಮ್ಯಾಕ್ ಕಮಾಂಡ್ ಬಿಟ್ಟು ಬೇರೆ ದಾರಿ ಹಿಡಿಯುವುದಿಲ್ಲ. ಬೇರೆ ದಾರಿ ಹಿಡಿದು ಎರಡು ದಿನ ನೆಟ್ ಇಲ್ಲದೆ ಒದ್ದಾಡಿದ್ದೇನೆ.

ಕ್ಯಾತ್ಸಂದ್ರದ ನಮ್ಮ ಮನೆಗೆ ಕೇಬಲ್‌ನವರ ಇಂಟರ್‌ನೆಟ್. ಅವರ ಹತ್ತಿರ ಯಾವ ಮ್ಯಾಕ್ ಬರೆಸಿದ್ದೇವೋ ಅದಕ್ಕೆ ಮಾತ್ರ ನೆಟ್ ಬರುತ್ತದೆ. ಹಳೇ ಲ್ಯಾಪ್‌ಟಾಪ್ ಕೈಕೊಟ್ಟಿತು, ಹೊಸದು ತಂದೆ. ತೆಳ್ಳಗಿದೆ, ನೆಟ್ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟೇ ಇಲ್ಲ. ಎಂ.ಜಿ. ರಸ್ತೆಯಲ್ಲಿ ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಕೊಂಡೆ. "ಅಕ್ಕಾ, ಲ್ಯಾನ್‌ದು ಮ್ಯಾಕ್ ಕಳಿಸಿ, ಹಾಕಿಬಿಡ್ತೀನಿ" ಎಂದ ಕೇಬಲ್ ಹುಡುಗ. ಅವತ್ತು 18ನೇ ತಾರೀಕು. 20ರೊಳಗೆ ಮಂಡಿಪೇಟೆ ಅಂಗಡಿಗಳ ಜಿಎಸ್‌ಟಿ ರಿಟರ್ನ್ ಹಾಕಬೇಕಿತ್ತು.

ಮೊದಲು ಎಲ್ಲರೂ ಹೇಳುವ ಇನ್ನೊಂದು ಕಮಾಂಡ್, ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಹೊಡೆದೆ. ಪರದೆ ತುಂಬ ಸಾಲುಗಳು. 'ಫಿಸಿಕಲ್ ಅಡ್ರೆಸ್' (ಮ್ಯಾಕ್ ವಿಳಾಸ ಅಂದರೆ ಇದೇ) ಅನ್ನೋದು ನಾಲ್ಕು ಕಡೆ. 'ಲೋಕಲ್ ಏರಿಯಾ ಕನೆಕ್ಷನ್' ಎಂದು ಒಂದಿತ್ತು. ಲ್ಯಾನ್ ಅಂದರೆ ಅದೇ ಅಲ್ವಾ? ಕಳಿಸಿದೆ. ನೆಟ್ ಬರಲಿಲ್ಲ. ಹುಡುಗ ಎರಡು ಸಲ ಹಾಕಿ ನೋಡಿದ, ನಾನು ಕೇಬಲ್ ಬದಲಿಸಿದೆ.

ಕೊನೆಗೆ ಆ ಹೆಸರಿನ ಕೆಳಗಿನ ಸಾಲು ಓದಿದೆ: 'ವೈಫೈ ಡೈರೆಕ್ಟ್ ವರ್ಚುವಲ್ ಅಡಾಪ್ಟರ್'. ವಿಂಡೋಸ್ ತನ್ನ ಕೆಲಸಕ್ಕೆ ಸೃಷ್ಟಿಸಿಕೊಂಡದ್ದು, ಲ್ಯಾನ್‌ಗೂ ಅದಕ್ಕೂ ಸಂಬಂಧವಿಲ್ಲ. ನನ್ನ ವೈಫೈ ವಿಳಾಸ 3ಸಿ ಎಂದು ಶುರುವಾದರೆ ಇದು 3ಇ, ಉಳಿದ ಐದು ಜೋಡಿ ಒಂದೇ. ಯಾರಿಗೆ ತಾನೆ ಗೊತ್ತಾಗುತ್ತೆ? ನಿಜವಾದ ಲ್ಯಾನ್ ವಿಳಾಸ ಇದ್ದದ್ದು ಅಡಾಪ್ಟರ್ ಒಳಗೆ. ಐಪಿಕಾನ್ಫಿಗ್ ಹೊಡೆದಾಗ ಅದನ್ನು ನಾನು ಸಿಕ್ಕಿಸಿಯೇ ಇರಲಿಲ್ಲ, ಹಾಗಾಗಿ ಪಟ್ಟಿಯಲ್ಲೂ ಇರಲಿಲ್ಲ. ರಿಟರ್ನ್‌ಗಳನ್ನು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮುಗಿಸಿದೆ.

ಅಡಾಪ್ಟರ್ ಸಿಕ್ಕಿಸಿ ಗೆಟ್‌ಮ್ಯಾಕ್, ಒಂದು ಸ್ಪೇಸ್, ಸ್ಲ್ಯಾಶ್ ವಿ ಎಂದು ಹೊಡೆದೆ. ಮೂರೇ ಸಾಲು: ಈಥರ್‌ನೆಟ್ (ಲ್ಯಾನ್ ಅಂದರೆ ಇದೇ), ವೈಫೈ, ಬ್ಲೂಟೂತ್. ಪ್ರತಿಯೊಂದರ ಪಕ್ಕದಲ್ಲೇ ಹಾರ್ಡ್‌ವೇರ್ ಹೆಸರು ಮತ್ತು ವಿಳಾಸ. ಈಥರ್‌ನೆಟ್ ಸಾಲು ಕಳಿಸಿದೆ, ಹತ್ತು ನಿಮಿಷದಲ್ಲಿ ನೆಟ್ ಬಂತು. ಸ್ಲ್ಯಾಶ್ ವಿ ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಯಾವ ವಿಳಾಸ ಯಾವುದರದ್ದು ಎಂಬ ಹೆಸರೇ ಬರುವುದಿಲ್ಲ.

ಸೆಟ್ಟಿಂಗ್ಸ್ ದಾರಿ ವೈಫೈಗೆ ಸಾಕು. ಆದರೆ ನಿಜವಾದ ವಿಳಾಸದ ಬದಲು ಬೇರೆ ವಿಳಾಸ ತೋರಿಸುವ 'ರಾಂಡಮ್ ಹಾರ್ಡ್‌ವೇರ್ ಅಡ್ರೆಸ್' ಆನ್ ಇದ್ದರೆ ಮೊದಲು ಆಫ್ ಮಾಡಿ.

ಅಡಾಪ್ಟರ್ ಮೇಲಿನ ಸ್ಟಿಕರ್ ಕಣ್ಣಿಗೆ ಕಷ್ಟ. 8 ಯಾವುದು, ಬಿ ಯಾವುದು ತಿಳಿಯಲ್ಲ. ದುಂಡಗಿರೋದು ಮಾತ್ರ ಯಾವಾಗಲೂ ಸೊನ್ನೆಯೇ, ಇಂಗ್ಲಿಷಿನ ಓ ಅಲ್ಲ, ಯಾಕಂದ್ರೆ ಇದರಲ್ಲಿ ಅಕ್ಷರಗಳು ಎ ಯಿಂದ ಎಫ್‌ವರೆಗೆ ಮಾತ್ರ.

ದಿನವಿಡೀ ಕೀಬೋರ್ಡ್ ಮೇಲೇ ಕೈ ಇರುವ ನನಗೆ ಗೆಟ್‌ಮ್ಯಾಕ್ ಸುಲಭ, ಖರ್ಚೂ ಇಲ್ಲ. ಅಡಾಪ್ಟರ್‌ನಿಂದ ಇನ್ನೊಂದು ಲಾಭವೂ ಆಯ್ತು. ಹಳೇ ಲ್ಯಾಪ್‌ಟಾಪ್ ರಿಪೇರಿಯಾಗಿ ಬಂತು. ಅದೇ ಅಡಾಪ್ಟರ್ ಸಿಕ್ಕಿಸಿದೆ, ಹುಡುಗನಿಗೆ ಫೋನ್ ಮಾಡದೆಯೇ ನೆಟ್ ಬಂತು.