ಭಾರದ ಪಿಕಪ್‌ಗೆ ಆಲ್-ಟೆರೇನ್ ಟೈರ್: ಅರ್ಧ ಸವೆದ ಮೇಲೆ ಬರೆದ ವಿಮರ್ಶೆ

ಟಾರು, ಮಣ್ಣು ಎರಡೂ ದಾರಿಗೆ ಮಾಡಿದ ಆಲ್-ಟೆರೇನ್ ಟೈರ್ ಹೊಸದಿದ್ದಾಗ, ಯಾವ ಕಂಪನಿಯದಾದರೂ, ಮೊದಲ ಕೆಲವು ಸಾವಿರ ಕಿಲೋಮೀಟರ್ ಚೆನ್ನಾಗಿಯೇ ಓಡುತ್ತದೆ. ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ಭಾಗದ, ರಬ್ಬರ್ ಬ್ಲಾಕ್‌ಗಳು ಚೂಪಾಗಿರುತ್ತವೆ, ರಬ್ಬರ್ ಮೆತ್ತಗಿರುತ್ತದೆ, ಸದ್ದು ಕಡಿಮೆ. ಹಾಕಿಸಿದ ವಾರದಲ್ಲೇ ಬರೆದ ಐದು ನಕ್ಷತ್ರದ ಹೊಗಳಿಕೆಗೆ ಅಷ್ಟೇ ಬೆಲೆ. ಟೈರಿನ ನಿಜವಾದ ಗುಣ ಗೊತ್ತಾಗುವುದು ಅರ್ಧ ಟ್ರೆಡ್ ಸವೆದ ಮೇಲೆ: ಮಳೆಯಲ್ಲಿ ಬ್ರೇಕ್ ಹಿಡಿಯುತ್ತದೆಯೇ, ಟ್ರೈಲರ್ ಕಟ್ಟಿದಾಗ ಹಿಂಭಾಗ ಓಲಾಡುತ್ತದೆಯೇ, ಸದ್ದು ಎಷ್ಟು ಏರಿದೆ ಎಂಬುದರಲ್ಲಿ. ಈ ವಿಮರ್ಶೆ ಮುಕ್ಕಾಲು ಟನ್ ಮತ್ತು ಒಂದು ಟನ್ ವರ್ಗದ ಪಿಕಪ್‌ಗಳಿಗೆ, ಅಂದರೆ ಫೋರ್ಡ್ ಎಫ್-250, ಎಫ್-350, ರಾಮ್ 2500, 3500, ಶೆವರ್ಲೆ ಮತ್ತು ಜಿಎಂಸಿಯ ಎಚ್‌ಡಿ (ಹೆವಿ ಡ್ಯೂಟಿ) ಮಾದರಿಗಳಿಗೆ. ಅರ್ಧ ಟನ್ ಪಿಕಪ್‌ನ ಲೆಕ್ಕವೇ ಬೇರೆ, ಅಲ್ಲಿನ ಸಲಹೆಯನ್ನು ಇಲ್ಲಿಗೆ ತಂದರೆ ಕೆಡುತ್ತದೆ.

ಮೊದಲು ಭಾರ, ಆಮೇಲೆ ಚೆಂದ

ಡ್ರೈವರ್ ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ತಡೆಯುವ ಗರಿಷ್ಠ ಭಾರ, ಮೂಲ ಟೈರಿನ ಸೈಜ್, ಗಾಳಿಯ ಒತ್ತಡ ಮೂರೂ ಇರುತ್ತವೆ. ಅದನ್ನು ಓದದೆ ಟೈರ್ ಅಂಗಡಿಗೆ ಹೋಗಬಾರದು. ಈ ವರ್ಗಕ್ಕೆ ಬೇಕಾದದ್ದು ಸೈಜಿನ ಮುಂದೆ 'ಎಲ್‌ಟಿ' (ಲೈಟ್ ಟ್ರಕ್) ಎಂದಿರುವ, ಲೋಡ್ ರೇಂಜ್ 'ಇ' ಟೈರ್. ಇದನ್ನೇ ಹತ್ತು ಪ್ಲೈ ಎನ್ನುವುದು, ಆದರೆ ಒಳಗೆ ನಿಜಕ್ಕೂ ಹತ್ತು ಪದರ ಇರುವುದಿಲ್ಲ, ಅದು ಬಲದ ಅಳತೆ ಮಾತ್ರ. ಸಾಮಾನ್ಯವಾಗಿ 'ಸಿ' ಟೈರ್ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), 'ಡಿ' 65, 'ಇ' 80 ಪಿಎಸ್‌ಐವರೆಗೆ ಗಾಳಿ ತಡೆಯುತ್ತವೆ. 'ಎಲ್‌ಟಿ' ಇಲ್ಲದ ಪ್ಯಾಸೆಂಜರ್ ಟೈರ್ ಅದೇ ಸೈಜಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದನ್ನು ಟ್ರಕ್ಕಿಗೆ ಹಾಕುವುದಾದರೆ ಬರೆದಿರುವ ಭಾರವನ್ನು 1.10ರಿಂದ ಭಾಗಿಸಬೇಕೆಂಬುದು ನಿಯಮ. ಈ ವರ್ಗದ ಟ್ರಕ್ಕಿಗಂತೂ ಅದು ಬೇಡವೇ ಬೇಡ.

ಸೈಜಿನ ಪಕ್ಕದ ಲೋಡ್ ಇಂಡೆಕ್ಸ್ ಅಂಕಿಯೇ ಮುಖ್ಯ. ಈ ಟ್ರಕ್ಕುಗಳಲ್ಲಿ ಮಾಮೂಲಾದ ಎಲ್‌ಟಿ275/70ಆರ್18 'ಇ' ಟೈರ್ ಮೇಲೆ 125/122 ಎಂದಿರುತ್ತದೆ. ಮೊದಲ ಅಂಕಿ ಒಂಟಿ ಚಕ್ರಕ್ಕೆ, 1,650 ಕೆಜಿ. ಎರಡನೆಯದು ಹಿಂದೆ ಜೋಡಿ ಚಕ್ರವಿರುವ ಟ್ರಕ್ಕಿಗೆ, ಟೈರೊಂದಕ್ಕೆ 1,500 ಕೆಜಿ. ಎರಡೂ 80 ಪಿಎಸ್‌ಐ ಗಾಳಿಯಲ್ಲಿ. ಎಲ್‌ಟಿ265/70ಆರ್17 'ಇ' ಆದರೆ 121/118, ಅಂದರೆ 1,450 ಮತ್ತು 1,320 ಕೆಜಿ. 'ಇ' ಎಂಬ ಅಕ್ಷರ ಒಂದೇ, ಟೈರೊಂದಕ್ಕೆ 200 ಕೆಜಿ ವ್ಯತ್ಯಾಸ.

ಉದಾಹರಣೆಗೆ 6,000 ಕೆಜಿಯ ಫಿಫ್ತ್-ವೀಲ್ ಟ್ರೈಲರ್ (ಟ್ರಕ್ಕಿನ ಹಾಸಿನ ಮೇಲಿನ ಕೊಂಡಿಗೆ ಕೂರುವಂಥದು) ಎಂದುಕೊಳ್ಳಿ. ಅದರ ಸುಮಾರು 20 ಶೇಕಡ, ಅಂದರೆ 1,200 ಕೆಜಿ, ಟ್ರಕ್ಕಿನ ಹಾಸಿನ ಮೇಲೆ ಕೂರುತ್ತದೆ, ಬಹುಪಾಲು ಹಿಂದಿನ ಆಕ್ಸಲ್ ಮೇಲೆಯೇ. ಖಾಲಿ ಟ್ರಕ್ಕಿನ ಹಿಂದಿನ ಆಕ್ಸಲ್ 1,400 ಕೆಜಿ, ಜನ, ಸಾಮಾನು, ಹಿಚ್ಚಿನ ತೂಕ 300 ಕೆಜಿ ಎಂದರೂ ಒಟ್ಟು 2,900 ಕೆಜಿ. 121ರ ಎರಡು ಟೈರ್ ಹೊರುವುದೂ ಸರಿಯಾಗಿ 2,900, ಒಂದು ಕೆಜಿ ಬಿಡುವಿಲ್ಲ. 125ರ ಜೋಡಿಯಲ್ಲಿ 400 ಕೆಜಿ ಉಳಿಯುತ್ತದೆ. ಟೈರ್ ಮಿತಿಯ ಅಂಚಿನಲ್ಲಿ ಓಡಿದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಹೆಚ್ಚು ಮಡಚುತ್ತದೆ, ಬಿಸಿಯಾಗುತ್ತದೆ. ಬೇಸಿಗೆಯ ಹೆದ್ದಾರಿಯಲ್ಲಿ ಟ್ರೆಡ್ ಕಿತ್ತು ಬರುವುದಕ್ಕೆ ದೊಡ್ಡ ಕಾರಣವೇ ಈ ಬಿಸಿ. ಊಹೆ ಬೇಡ, ಲೋಡ್ ಮಾಡಿದ ಟ್ರಕ್ಕನ್ನು ವೇಬ್ರಿಡ್ಜ್ ಮೇಲೆ ಆಕ್ಸಲ್ ಆಕ್ಸಲ್ ಆಗಿ ತೂಗಿಸಿ.

ದೊಡ್ಡ ಟೈರ್ ಎಂದರೆ ಹೆಚ್ಚು ಭಾರ ಹೊರುತ್ತದೆ ಎಂದು ನಂಬುವವರು ಬಹಳ. 35×12.50ಆರ್20 ಸೈಜಿನ 'ಇ' ಟೈರ್ ನೋಡಲು ದೈತ್ಯ, ಲೋಡ್ ಇಂಡೆಕ್ಸ್ 121. ಚಿಕ್ಕದಾಗಿ ಕಾಣುವ 275/70ಆರ್18ಗಿಂತ ಕಡಿಮೆ ಹೊರುತ್ತದೆ. 35 ಇಂಚಿಗೆ ಹೋಗಲೇಬೇಕು, ಭಾರವೂ ಎಳೆಯಬೇಕು ಎನ್ನುವವರು ಲೋಡ್ ರೇಂಜ್ 'ಎಫ್' ಹುಡುಕಬೇಕು. ಆಗ ರಿಮ್ಮಿನ ಭಾರದ ಮಿತಿಯನ್ನೂ ನೋಡಬೇಕು, ಅದು ರಿಮ್ಮಿನ ಮೇಲೆಯೇ ಅಚ್ಚೊತ್ತಿರುತ್ತದೆ.

ಸೈಜ್ ಹೆಚ್ಚಿಸಿದರೆ ಏನಾಗುತ್ತದೆ

ಎಲ್‌ಟಿ275/70ಆರ್18ರ ವ್ಯಾಸ ಸುಮಾರು 842 ಮಿಮೀ, ಎಲ್‌ಟಿ285/75ಆರ್18ರದು 885. ಐದು ಶೇಕಡ ಹೆಚ್ಚು. ಸ್ಪೀಡೋಮೀಟರ್ ತಿದ್ದಿಸದಿದ್ದರೆ 100 ತೋರಿಸುವಾಗ ಗಾಡಿ 105ರಲ್ಲಿ ಓಡುತ್ತಿರುತ್ತದೆ. ಓಡೋಮೀಟರ್ ಕಡಿಮೆ ತೋರಿಸುವುದರಿಂದ ಮೈಲೇಜಿನ ಲೆಕ್ಕವೂ ತಪ್ಪು. ಗೇರಿಂಗ್ ಅಷ್ಟೇ ಪ್ರಮಾಣದಲ್ಲಿ ಎತ್ತರವಾಗುತ್ತದೆ, ಏರಿನಲ್ಲಿ ಟ್ರೈಲರ್ ಎಳೆಯುವಾಗ ಗೇರ್‌ಬಾಕ್ಸ್ ಮತ್ತೆ ಮತ್ತೆ ಕೆಳಗಿಳಿಯುತ್ತದೆ. ಸ್ಟೆಪ್ನಿ ಹಾಸಿನ ಕೆಳಗಿನ ಜಾಗದಲ್ಲಿ ಕೂರದೇ ಹೋಗಬಹುದು. ಹಿಂದೆ ಜೋಡಿ ಚಕ್ರ ಇರುವವರು ಸೈಜ್ ಮುಟ್ಟಲೇಬಾರದು. ಎರಡು ಟೈರುಗಳ ನಡುವಿನ ಸಂದು ಕಿರಿದಾದರೆ ಭಾರಕ್ಕೆ ಸೈಡ್‌ವಾಲ್‌ಗಳು ಒಂದಕ್ಕೊಂದು ಉಜ್ಜುತ್ತವೆ, ಕಲ್ಲು ಸಿಕ್ಕಿಕೊಂಡರೂ ಗೊತ್ತಾಗುವುದಿಲ್ಲ.

ಯಾವ ಬಗೆಯ ಆಲ್-ಟೆರೇನ್

ಮಾರುಕಟ್ಟೆಯಲ್ಲಿ ಇರುವುದು ಮೂರು ಬಗೆ. ಹೆದ್ದಾರಿಯ ಕಡೆಗೆ ವಾಲಿದ ಸೌಮ್ಯ ಆಲ್-ಟೆರೇನ್ ಒಂದು, ಮಿಷೆಲಿನ್ ಎಲ್‌ಟಿಎಕ್ಸ್ ಎ/ಟಿ2 ಇದ್ದಂತೆ. ಸಾಂಪ್ರದಾಯಿಕ ಆಲ್-ಟೆರೇನ್ ಇನ್ನೊಂದು: ಬಿಎಫ್‌ಗುಡ್‌ರಿಚ್ ಕೆಒ2 ಮತ್ತು ಕೆಒ3, ಟೊಯೊ ಓಪನ್ ಕಂಟ್ರಿ ಎ/ಟಿ III, ಫಾಲ್ಕನ್ ವೈಲ್ಡ್‌ಪೀಕ್ ಎ/ಟಿ4ಡಬ್ಲ್ಯೂ ಈ ಗುಂಪಿನವು. ಮೂರನೆಯದು ಮಡ್ ಟೈರಿನ ಕಡೆಗೆ ವಾಲಿದ ಹೈಬ್ರಿಡ್, ನಿಟ್ಟೊ ರಿಡ್ಜ್ ಗ್ರಾಪ್ಲರ್ ತರಹದ್ದು. ವರ್ಷದ ಬಹುಪಾಲು ಟಾರು ರಸ್ತೆಯಲ್ಲಿ ಟ್ರೈಲರ್ ಎಳೆಯುವ ಟ್ರಕ್ಕಿಗೆ ಹೈಬ್ರಿಡ್ ದಂಡ. ಅಗಲ ಸಂದುಗಳಿರುವ ಎತ್ತರದ ಬ್ಲಾಕ್‌ಗಳು ಭಾರದಡಿ ಬಾಗುತ್ತವೆ, ಸ್ಟೀರಿಂಗ್ ಸಡಿಲವಾದಂತೆ ಅನಿಸುತ್ತದೆ, ಟ್ರೈಲರಿನ ತೂಗಾಟ ಬೇಗ ಟ್ರಕ್ಕಿಗೆ ತಲುಪುತ್ತದೆ. ಚೂಪುಗಲ್ಲಿನ ಜಲ್ಲಿ ರಸ್ತೆ, ಗಣಿ, ತೋಟದ ಕೆಲಸ ದಿನನಿತ್ಯ ಇದ್ದರೆ ಮಧ್ಯದ ಗುಂಪೇ ಸರಿ. ಸೌಮ್ಯ ಬಗೆಯನ್ನು ಜನ ಕೀಳಾಗಿ ನೋಡುತ್ತಾರೆ, ಆದರೆ ಕೆಸರಿಗೆ ಅಪರೂಪಕ್ಕೆ ಇಳಿಯುವ ಟ್ರಕ್ಕಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಕಲ್ಲಿಗೆ ಚೂರು ಕಿತ್ತು ಹೋಗದ ಗಟ್ಟಿ ರಬ್ಬರ್ ಒದ್ದೆ ಟಾರಿನಲ್ಲಿ ಅಷ್ಟು ಹಿಡಿಯುವುದಿಲ್ಲ. ಎರಡನ್ನೂ ಪೂರ್ತಿ ಕೊಡುವ ರಬ್ಬರ್ ಇಲ್ಲ, ಜಾಹೀರಾತು ಏನೇ ಹೇಳಲಿ. ಇದಕ್ಕಿಂತ ದೊಡ್ಡ ವಿಷಯ ಬ್ಲಾಕ್‌ಗಳ ಮೇಲಿನ ಸಣ್ಣ ಸೀಳುಗಳು, ಅಂದರೆ ಸೈಪ್‌ಗಳು. ಕೆಲವು ಟೈರುಗಳಲ್ಲಿ ಅವು ತಳದವರೆಗೂ ಇರುತ್ತವೆ, ಕೆಲವದರಲ್ಲಿ ಅರ್ಧ ಆಳಕ್ಕೇ ಮುಗಿಯುತ್ತವೆ. ಅರ್ಧ ಆಳದವು ಹೊಸದರಲ್ಲಿ ಮಳೆಗೆ ಚೆನ್ನಾಗಿ ನಿಲ್ಲುತ್ತವೆ, 6–7 ಮಿಮೀಗೆ ಸವೆದಾಗ ಸೀಳೇ ಮಾಯವಾಗಿ ಬ್ಲಾಕ್ ನುಣ್ಣಗಾಗುತ್ತದೆ. ಕೊಳ್ಳುವ ಮೊದಲು ತೆಳು ಗೇಜ್ ಪಟ್ಟಿಯೊಂದನ್ನು ಸೀಳಿನೊಳಗೆ ಇಳಿಸಿ ನೋಡಿ, ಎಷ್ಟು ಆಳ ಹೋಗುತ್ತದೆ ಎಂದು. ನನ್ನ ಪ್ರಕಾರ ಎರಡು ಬ್ರಾಂಡುಗಳ ನಡುವೆ ಆರಿಸಲು ಇದಕ್ಕಿಂತ ಉತ್ತಮ ಪರೀಕ್ಷೆ ಅಂಗಡಿಯಲ್ಲಿ ಬೇರೆ ಇಲ್ಲ.

ಬೆಟ್ಟದ ಮೂರು ಶಿಖರ ಮತ್ತು ಹಿಮದ ಹರಳಿನ ಗುರುತು ಇದ್ದರೆ, ಗಟ್ಟಿಯಾಗಿ ಕೂತ ಹಿಮದ ಮೇಲೆ ವೇಗ ಪಡೆಯುವ ಪರೀಕ್ಷೆಯಲ್ಲಿ ಆ ಟೈರ್, ಹೋಲಿಕೆಗೆ ಇಟ್ಟ ಪ್ರಮಾಣಿತ ಟೈರಿಗಿಂತ, ಕನಿಷ್ಠ 10 ಶೇಕಡ ಹೆಚ್ಚು ಹಿಡಿತ ತೋರಿಸಿದೆ ಎಂದರ್ಥ. ಮಂಜುಗಡ್ಡೆಯ ಮೇಲಿನ ಬ್ರೇಕ್ ಬಗ್ಗೆ ಆ ಗುರುತು ಏನನ್ನೂ ಹೇಳುವುದಿಲ್ಲ. ಬರೀ 'ಎಂ+ಎಸ್' (ಮಡ್ ಮತ್ತು ಸ್ನೋ, ಕೆಸರು ಮತ್ತು ಹಿಮ) ಎಂದಿದ್ದರೆ ಅದು ಟ್ರೆಡ್ಡಿನ ವಿನ್ಯಾಸ ನೋಡಿ ಕೊಟ್ಟ ಗುರುತು, ಹಿಂದೆ ಯಾವ ಪರೀಕ್ಷೆಯೂ ಇಲ್ಲ.

ಹಾಕಿಸುವಾಗ

ಮಾಮೂಲಿ ರಬ್ಬರ್ ವಾಲ್ವ್, ಟಿಆರ್413, 65 ಪಿಎಸ್‌ಐಗೆ ಮಾತ್ರ. 80 ತುಂಬಿಸುವ ಟೈರಿಗೆ ಟಿಆರ್600ಎಚ್‌ಪಿ ತರಹದ ಹೆಚ್ಚು ಒತ್ತಡದ ವಾಲ್ವ್ ಅಥವಾ ನಟ್ ಬಿಗಿಯುವ ಲೋಹದ ವಾಲ್ವ್ ಬೇಕು. ಅಂಗಡಿಯವರು ಡಬ್ಬಿಯಲ್ಲಿ ಸಿಕ್ಕಿದ್ದನ್ನು ಹಾಕಿಬಿಡುವ ಸಂಭವ ಇಲ್ಲೇ ಹೆಚ್ಚು, ಎದುರು ನಿಂತು ನೋಡಿ. ಸೈಡ್‌ವಾಲ್ ಮೇಲಿನ ತಯಾರಿಕೆಯ ಸಂಕೇತದ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ: 3124 ಎಂದರೆ 2024ರ 31ನೇ ವಾರ. ನಾಲ್ಕೂ ಟೈರಿನದು ನೋಡಿ, ಒಂದರದ್ದಷ್ಟೇ ಅಲ್ಲ.

ಈ ಟೈರ್ ಒಂದೊಂದೂ 23–28 ಕೆಜಿ ತೂಗುತ್ತದೆ. ಹಳದಿ ಚುಕ್ಕೆ ಟೈರಿನ ಹಗುರ ಭಾಗ, ಅದು ವಾಲ್ವ್ ಪಕ್ಕಕ್ಕೆ ಬಂದರೆ ಬ್ಯಾಲೆನ್ಸಿಂಗ್ ತೂಕ ಕಡಿಮೆ ಸಾಕು. ಒಂದೇ ಜಾಗಕ್ಕೆ ಉದ್ದುದ್ದ ತೂಕದ ಪಟ್ಟಿ ಅಂಟಿಸಬೇಕಾಗಿ ಬಂದರೆ ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲು ಹೇಳಿ. ಫೋರ್ಡ್ ಸೂಪರ್ ಡ್ಯೂಟಿ (ಎಫ್-250, ಎಫ್-350) ಮತ್ತು ರಾಮ್ ಎಚ್‌ಡಿಯ ಫೋರ್-ವೀಲ್ ಮಾದರಿಗಳ ಮುಂಭಾಗದಲ್ಲಿ ಎರಡು ಚಕ್ರಗಳನ್ನೂ ಜೋಡಿಸುವ ಇಡೀ ಆಕ್ಸಲ್ ಇರುವುದರಿಂದ ಬ್ಯಾಲೆನ್ಸ್ ತಪ್ಪಿದ ಭಾರದ ಟೈರ್ ಸವೆದ ಟ್ರ್ಯಾಕ್ ಬಾರ್ ಬುಷ್ (ಆಕ್ಸಲನ್ನು ಅಡ್ಡಕ್ಕೆ ಹಿಡಿದಿಡುವ ಸರಳಿನ ತುದಿಯ ಬುಷ್) ಜೊತೆ ಸೇರಿದರೆ ಸ್ಟೀರಿಂಗ್ ಕೈಯಲ್ಲಿ ನಿಲ್ಲದಷ್ಟು ಅಲುಗಾಡುತ್ತದೆ. ಎಷ್ಟೋ ಸಲ ಟೈರ್ ಮೇಲೆ ಬರುವ ದೂರು ಅಸಲಿಗೆ ಬುಷ್‌ನದು. ನಟ್‌ಗಳನ್ನು ಗನ್‌ನಿಂದಲ್ಲ, ಟಾರ್ಕ್ ರೆಂಚ್‌ನಿಂದ ಮ್ಯಾನುಯಲ್ ಹೇಳಿದಷ್ಟೇ ಬಿಗಿಸಬೇಕು, 80–160 ಕಿಮೀ ಓಡಿದ ಮೇಲೆ ಮತ್ತೊಮ್ಮೆ.

ಗಾಳಿ

ಟೈರಿನ ಆಯುಸ್ಸು ಕಂಪನಿಗಿಂತ ಹೆಚ್ಚಾಗಿ ಗಾಳಿಯ ಮೇಲೆ ನಿಂತಿದೆ. ಸ್ಟಿಕರ್‌ನಲ್ಲಿ ಹಿಂದಿನ ಚಕ್ರಕ್ಕೆ ಬರೆದ ಒತ್ತಡ, ಹಲವು ಟ್ರಕ್ಕುಗಳಲ್ಲಿ 80ರವರೆಗೂ ಇರುವುದು, ಪೂರ್ತಿ ಲೋಡಿಗೆ. ಖಾಲಿ ಟ್ರಕ್ಕಿನಲ್ಲಿ ಹಿಂದೆ 80 ಇಟ್ಟುಕೊಂಡೇ ತಿರುಗಿದರೆ ಟ್ರೆಡ್ಡಿನ ನಡುಭಾಗ ಬೇಗ ಸವೆಯುತ್ತದೆ, ಉಬ್ಬುತಗ್ಗಿನಲ್ಲಿ ಹಿಂಭಾಗ ಕುಪ್ಪಳಿಸುತ್ತದೆ, ಒದ್ದೆ ತಿರುವಿನಲ್ಲಿ ಜಾರುತ್ತದೆ. ಕೆಲವು ಟ್ರಕ್ಕುಗಳ ಮ್ಯಾನುಯಲ್‌ನಲ್ಲಿ ಹಗುರ ಲೋಡಿಗೆ ಬೇರೆ ಒತ್ತಡ ಕೊಟ್ಟಿರುತ್ತಾರೆ. ಇಲ್ಲದಿದ್ದರೆ ಆಕ್ಸಲ್ ತೂಕ ಹಿಡಿದು ಟೈರ್ ಕಂಪನಿಯ ಭಾರ–ಒತ್ತಡದ ಕೋಷ್ಟಕ ನೋಡಬೇಕು. ಸೀಮೆಸುಣ್ಣದ ಪರೀಕ್ಷೆ ಅದಕ್ಕೆ ಪೂರಕ: ಟ್ರೆಡ್ಡಿಗೆ ಅಡ್ಡಲಾಗಿ ದಪ್ಪ ಗೆರೆ ಎಳೆದು, ನೇರ ರಸ್ತೆಯಲ್ಲಿ ಇನ್ನೂರು ಮುನ್ನೂರು ಮೀಟರ್ ಓಡಿಸಿ ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಆದರೆ ಗೆರೆ ಸಮನಾಗಿ ಅಳಿಸಲಿ ಎಂದು ಕೋಷ್ಟಕಕ್ಕಿಂತ ಕೆಳಗೆ ಇಳಿಯಬಾರದು. ಡೀಸೆಲ್ ಟ್ರಕ್ಕಿನ ಮುಂಭಾಗ ಖಾಲಿ ಇದ್ದಾಗಲೂ ಭಾರ, ಅಲ್ಲಿ ಇಳಿಸುವ ಅವಕಾಶವೇ ಕಡಿಮೆ.

ಗಾಳಿ ನೋಡುವುದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ. 80 ಪಿಎಸ್‌ಐ ಟೈರಿನಲ್ಲಿ ಹೊರಗಿನ ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು 3 ಪಿಎಸ್‌ಐ ಇಳಿಯುತ್ತದೆ. ಓಡಿ ಬಿಸಿಯಾದಾಗ ಏರಿದ್ದನ್ನು ನೋಡಿ ಗಾಳಿ ಬಿಡುವುದು ಕೆಟ್ಟ ಅಭ್ಯಾಸ. ಮರಳಿಗೆ ಇಳಿಯುವಾಗ ಖಾಲಿ ಟ್ರಕ್ಕಿನಲ್ಲಿ 20–25ರವರೆಗೆ ಇಳಿಸಬಹುದು, ನಿಧಾನ ವೇಗದಲ್ಲಿ, ಚೂಪು ತಿರುವಿಲ್ಲದೆ. ಟಾರು ರಸ್ತೆಗೆ ಹತ್ತುವ ಮೊದಲೇ ಮತ್ತೆ ತುಂಬಬೇಕು. ನಾಲ್ಕು ದೊಡ್ಡ ಟೈರುಗಳನ್ನು ಮೇಲಕ್ಕೆ ತರಲು ಸಿಗರೇಟ್ ಸಾಕೆಟ್ಟಿನ ಪುಟ್ಟ ಕಂಪ್ರೆಸರ್ ಸಾಲದು, ನೇರ ಬ್ಯಾಟರಿಗೆ ಕಟ್ಟುವಂಥದು ಬೇಕು.

ಸದ್ದು ಮತ್ತು ಸವೆತ

ಈ ಟ್ರಕ್ಕುಗಳಲ್ಲಿ ಆಲ್-ಟೆರೇನ್ ಕೆಡುವುದು ಹೆಚ್ಚಾಗಿ ಮುಂದಿನ ಆಕ್ಸಲ್‌ನಲ್ಲಿ, ಭುಜದ, ಅಂದರೆ ಟ್ರೆಡ್ಡಿನ ಅಂಚಿನ, ಬ್ಲಾಕ್‌ಗಳಲ್ಲಿ. ಡೀಸೆಲ್ ಎಂಜಿನ್ನಿನ ಭಾರ ಮುಂದೆ, ಬ್ರೇಕಿನ ಹೊರೆಯೂ ಮುಂದೆ. ಎತ್ತರದ ಬ್ಲಾಕ್ ಪ್ರತಿ ಸುತ್ತಿಗೂ ಬಾಗಿ ನೆಲ ಬಿಡುವಾಗ ಒಂದು ಅಂಚು ಉಜ್ಜಿಕೊಳ್ಳುತ್ತದೆ. ಅಂಗೈಯನ್ನು ಟ್ರೆಡ್ ಮೇಲೆ ಒಂದು ದಿಕ್ಕಿಗೆ ಸವರಿದರೆ ನುಣುಪು, ವಿರುದ್ಧ ದಿಕ್ಕಿಗೆ ಗರಗಸದ ಹಲ್ಲು ತಗುಲಿದಂತಿದ್ದರೆ ಆ ಸವೆತ ಶುರುವಾಗಿದೆ. ಆಮೇಲೆ ಬರುವ ಗುಂಯ್ ಸದ್ದನ್ನು ವೀಲ್ ಬೇರಿಂಗ್ ಎಂದು ತಿಳಿದು ಬೇರಿಂಗ್ ಬದಲಾಯಿಸಿದವರೂ ಉಂಟು. ತಡೆಯುವ ದಾರಿ ಒಂದೇ: ಪ್ರತಿ 8,000 ಕಿಮೀಗೆ ರೊಟೇಶನ್. ಒಂಟಿ ಚಕ್ರದ ಟ್ರಕ್ಕಿನಲ್ಲಿ ಹಿಂದಿನವು ಅದೇ ಪಕ್ಕದಲ್ಲಿ ನೇರ ಮುಂದಕ್ಕೆ, ಮುಂದಿನವು ಅಡ್ಡ ದಾಟಿ ಹಿಂದಕ್ಕೆ. ಮುಂದೆ ಹಿಂದೆ ಒತ್ತಡ ಬೇರೆ ಇರುವುದರಿಂದ ಬದಲಾಯಿಸಿದ ಕೂಡಲೇ ಗಾಳಿ ಸರಿಮಾಡಿ, ಟೈರ್ ಒತ್ತಡದ ಸೆನ್ಸರ್‌ಗಳಿಗೆ ಹೊಸ ಜಾಗ ಕಲಿಸಿ. ಇದನ್ನು ಬಿಟ್ಟರೆ ರೊಟೇಶನ್ ಮಾಡಿಸಿದ ಲಾಭ ಅರ್ಧಕ್ಕೆ ಇಳಿಯುತ್ತದೆ. ಒಂದೇ ಭುಜ ಸವೆದಿದ್ದರೆ ಅಲೈನ್‌ಮೆಂಟ್ ನೋಡಿಸಿ. ಮುಂಭಾಗ ಎತ್ತರಿಸುವ ಕಿಟ್ ಹಾಕಿಸಿದವರು ಅಂದೇ ಮಾಡಿಸಬೇಕು.

ಟ್ರೆಡ್ ಆಳವನ್ನು ಮೂರು ಕಡೆ, ಎರಡು ಅಂಚು ಮತ್ತು ನಡುವೆ, ಅಳೆದು ಬರೆದಿಡಿ. ಹೊಸದರಲ್ಲಿ ಈ ಬಗೆಯ ಟೈರ್ 12–14 ಮಿಮೀ ಇರುತ್ತದೆ. ಉದಾಹರಣೆಗೆ 12.7 ಇದ್ದದ್ದು 16,000 ಕಿಮೀಗೆ 10.7 ಆಗಿದ್ದರೆ ಮಿಲಿಮೀಟರಿಗೆ 8,000 ಕಿಮೀ. ಎತ್ತರದ ಬ್ಲಾಕ್ ಹೆಚ್ಚು ಬಾಗುವುದರಿಂದ ಮೊದಲ ಮಿಲಿಮೀಟರುಗಳು ಬೇಗ ಹೋಗುತ್ತವೆ, ಆಮೇಲೆ ಸ್ವಲ್ಪ ನಿಧಾನ. ಎಲ್‌ಟಿ ಟೈರುಗಳಿಗೆ ಕಾರಿನ ಟೈರಿನಂತೆ ಅಮೆರಿಕದ ಟ್ರೆಡ್‌ವೇರ್ ದರ್ಜೆ ಕಡ್ಡಾಯವಲ್ಲ, ಹೋಲಿಸಲು ಉಳಿಯುವುದು ವಾರಂಟಿಯ ದೂರ. ಅದನ್ನು ಕೇಳುವಾಗ ರೊಟೇಶನ್ ರಸೀದಿ ತೋರಿಸಬೇಕಾಗುತ್ತದೆ, ಬಿಸಾಡಬೇಡಿ.

ಟ್ರೆಡ್ಡಿಗೆ ಬಿದ್ದ 6 ಮಿಮೀವರೆಗಿನ ತೂತನ್ನು ಟೈರ್ ಬಿಚ್ಚಿ ಒಳಗಿನಿಂದ ಪ್ಲಗ್ ಮತ್ತು ಪ್ಯಾಚ್ ಎರಡೂ ಹಾಕಿ ಮುಚ್ಚಬಹುದು. ಭುಜದಲ್ಲೋ ಸೈಡ್‌ವಾಲ್‌ನಲ್ಲೋ ಬಿದ್ದರೆ ಟೈರ್ ಮುಗಿಯಿತು. ಹೊರಗಿನಿಂದ ತುರುಕುವ ದಾರ ಮನೆ ಸೇರುವವರೆಗೆ ಸರಿ, ಅದರ ಮೇಲೆ 80 ಪಿಎಸ್‌ಐ ತುಂಬಿ ಟ್ರೈಲರ್ ಎಳೆಯಬೇಡಿ.

ಹಲವು ಕಡೆ ಕಾನೂನಿನ ಕನಿಷ್ಠ ಆಳ 1.6 ಮಿಮೀ. ಅಲ್ಲಿಯವರೆಗೆ ಕಾಯುವುದು ಈ ತೂಕದ ಗಾಡಿಗೆ ಹುಚ್ಚುತನ. ಮಳೆ, ಹಿಮ ಇರುವ ಕಡೆ 5 ಮಿಮೀಗೇ ಹೊಸದನ್ನು ನೋಡಿ, ಒಣ ಪ್ರದೇಶದಲ್ಲಿ 4ರವರೆಗೆ ತಳ್ಳಬಹುದು. ಆಳ ಉಳಿದಿದ್ದರೂ ಆರು ವರ್ಷದ ಮೇಲೆ ಪ್ರತಿ ವರ್ಷ ಬಿಚ್ಚಿ ಒಳಗೆ ನೋಡಿಸಬೇಕು, ಹತ್ತು ದಾಟಿದ್ದನ್ನು ಓಡಿಸಬಾರದು. ಹಾಸಿನ ಕೆಳಗೆ ಮುಟ್ಟದೆ ಬಿದ್ದಿರುವ ಸ್ಟೆಪ್ನಿಗೂ ಇದೇ ಲೆಕ್ಕ. ಬದಲಾಯಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಆಗದಿದ್ದರೆ ಕಡೇಪಕ್ಷ ಒಂದೇ ಆಕ್ಸಲ್‌ನ ಎರಡನ್ನು, ಹೊಸ ಜೋಡಿ ಹಿಂದಕ್ಕೆ. ಹೀಗೆ ಬೆರೆಸಿ ಹಾಕಿದಾಗ ಒಣ ಟಾರಿನಲ್ಲಿ ಫೋರ್-ವೀಲ್ ಹಾಕಬೇಡಿ. ಮುಂದೆ ಹಿಂದಿನ ವ್ಯಾಸ ಬೇರೆಯಾದರೆ ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ, ಅದರ ರಿಪೇರಿ ನಾಲ್ಕು ಟೈರಿಗಿಂತ ದುಬಾರಿ.