ಸ್ಪೀಕರ್‌ನ ಗುಂಯ್‌ಗುಡುವ ಸದ್ದು: ಹಿಂದಿನ ಜ್ಯಾಕ್, ಯುಎಸ್‌ಬಿ ಕಾರ್ಡ್, ಐಸೊಲೇಟರ್, ಬ್ಲೂಟೂತ್

ಡೆಸ್ಕ್‌ಟಾಪಿನಲ್ಲಿ ತಂಬೂರಿ ಶ್ರುತಿ ಹಾಕಿಕೊಂಡು ಹಾಡೋದು ನನ್ನ ಅಭ್ಯಾಸ. ಆದರೆ ಶ್ರುತಿಯ ಹಿಂದೆ ಸದಾ ಗುಂಯ್ ಅಂತ ಇನ್ನೊಂದು ಸದ್ದು. ಮೌಸ್ ಸರಿಸಿದರೆ ಮೇಲಿಂದ ಕರ್‌ಕರ್. ಷಡ್ಜಕ್ಕೆ ಸೇರದ ಗುಂಯ್ ಕಿವಿಗೆ ಎಷ್ಟು ಹಿಂಸೆ ಅಂತ ಹಾಡುವವರಿಗೆ ಗೊತ್ತು.

ಮೊದಲು ಸೌಂಡ್ ಡ್ರೈವರ್ (ಸದ್ದಿನ ಭಾಗವನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದೆ, ಏನೂ ಬದಲಾಗಲಿಲ್ಲ. ಆಮೇಲೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ಬೂಟ್ ಮಾಡಿದೆ. ಅಲ್ಲೂ ಅದೇ ಸದ್ದು. ಅಂದರೆ ತೊಂದರೆ ಸಾಫ್ಟ್‌ವೇರ್‌ನದಲ್ಲ. ಈ ಪರೀಕ್ಷೆಯನ್ನು ನೀವು ಮೊದಲೇ ಮಾಡಿ, ಸುಮ್ನೆ ಒಂದು ಸಂಜೆ ಹಾಳಾಗೋದು ತಪ್ಪುತ್ತದೆ.

ಸ್ಪೀಕರ್ ವೈರನ್ನು ಕ್ಯಾಬಿನೆಟ್ಟಿನ ಮುಂಭಾಗದ ಜ್ಯಾಕ್‌ನಿಂದ ಕಿತ್ತು ಹಿಂದಿನ ಹಸಿರು ಜ್ಯಾಕ್‌ಗೆ ಹಾಕಿದೆ. ಖರ್ಚಿಲ್ಲದ ದಾರಿ. ಕರ್‌ಕರ್ ಅರ್ಧಕ್ಕರ್ಧ ಇಳಿಯಿತು. ಮುಂದಿನ ಜ್ಯಾಕ್‌ನ ವೈರು ಕ್ಯಾಬಿನೆಟ್ ಒಳಗೆ ಉದ್ದಕ್ಕೂ ಹಾಯ್ದು ಬರುತ್ತದೆ, ದಾರಿಯಲ್ಲಿ ಬೇರೆ ಭಾಗಗಳ ವಿದ್ಯುತ್ ಗದ್ದಲವನ್ನೆಲ್ಲ ಹೀರಿಕೊಳ್ಳುತ್ತದೆ.

ಕೆಲವು ನೂರು ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡ್ ತಂದು ಹಿಂದಿನ ಪೋರ್ಟ್‌ಗೆ ಸಿಕ್ಕಿಸಿ, ಸೌಂಡ್ ಸೆಟ್ಟಿಂಗ್‌ನಲ್ಲಿ ಅದನ್ನೇ ಆರಿಸಿದೆ. ಕರ್‌ಕರ್ ಪೂರ್ತಿ ನಿಂತಿತು! ಇದರಲ್ಲಿ ಡಿಜಿಟಲ್ ಸದ್ದು ಅನಲಾಗ್ ಆಗೋದು ಕ್ಯಾಬಿನೆಟ್ಟಿನ ಹೊರಗೆ, ಅದಕ್ಕೇ. ಆದರೆ ಗುಂಯ್ ಮಾತ್ರ ಹಾಗೇ ಉಳಿಯಿತು.

ಸ್ಪೀಕರ್ ಆನ್ ಇಟ್ಟುಕೊಂಡೇ ಆಡಿಯೊ ವೈರನ್ನು ಕಂಪ್ಯೂಟರ್‌ನಿಂದ ಕಿತ್ತೆ. ಗುಂಯ್ ತಟ್ಟನೆ ನಿಂತಿತು. ಆಗ ಹೊಳೆಯಿತು: ಕಂಪ್ಯೂಟರ್ ಒಂದು ಗೋಡೆಯ ಪ್ಲಗ್‌ನಲ್ಲಿದೆ, ಸ್ಪೀಕರ್ ಇನ್ನೊಂದು ಗೋಡೆಯದರಲ್ಲಿ. ಎರಡು ಅರ್ಥಿಂಗ್ ನಡುವೆ ಆಡಿಯೊ ವೈರೇ ಸೇತುವೆಯಾಗಿ, ನಮ್ಮ ಕರೆಂಟಿನ 50 ಹರ್ಟ್ಸ್ ಸ್ಪೀಕರ್‌ಗೆ ಹರಿಯುತ್ತಿತ್ತು. ಗ್ರೌಂಡ್ ಲೂಪ್ ಅನ್ನೋದು ಇದನ್ನೇ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿದೆ. ಕಿವಿಯನ್ನು ಸ್ಪೀಕರ್‌ಗೆ ಹಚ್ಚಿದರೆ ಮಾತ್ರ ಕೇಳುವಷ್ಟು ಉಳಿಯಿತು.

ಆ ಉಳಿದಷ್ಟನ್ನೂ ಗ್ರೌಂಡ್ ಲೂಪ್ ಐಸೊಲೇಟರ್ ಅಳಿಸಿಬಿಟ್ಟಿತು. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುವ ಡಬ್ಬಿ ಅದು. ಆದರೆ ಅದನ್ನು ಹಾಕಿದ ಮೇಲೆ ಮೃದಂಗದ ಗುಮ್ಕಿ ತೆಳ್ಳಗಾಯಿತು. ಎಡಗೈಯ ತುಂಬು ನಾದ ಇಲ್ಲದ ಮೃದಂಗ ನನಗೆ ಬೇಡ. ತೆಗೆದಿಟ್ಟೆ. ಮಾತು, ವಾರ್ತೆ ಕೇಳುವವರಿಗೆ ಇದೇ ಸಾಕು.

ಬ್ಲೂಟೂತ್ ಸ್ಪೀಕರ್‌ನಲ್ಲಿ ವೈರೇ ಇಲ್ಲ, ಎರಡೂ ಸದ್ದು ಇಲ್ಲ. ಸುಮ್ಮನೆ ಹಾಡು ಕೇಳೋಕೆ ಚೆನ್ನ. ಆದರೆ ಸದ್ದು ತಡವಾಗಿ ಬರುತ್ತದೆ. ಕೀಬೋರ್ಡ್ ಆ್ಯಪ್‌ನಲ್ಲಿ ಸ್ವರ ಒತ್ತಿದರೆ ಬೆರಳು ಮುಂದಿನ ಸ್ವರಕ್ಕೆ ಹೋದ ಮೇಲೆ ಕೇಳುತ್ತದೆ. ಅಭ್ಯಾಸಕ್ಕೆ ಆಗದು ಅಲ್ವಾ?

ಕೊನೆಗೆ ನನ್ನ ಮೇಜಿನ ಮೇಲೆ ಉಳಿದದ್ದು ಯುಎಸ್‌ಬಿ ಕಾರ್ಡ್ ಮತ್ತು ಆ ಒಂದು ಎಕ್ಸ್‌ಟೆನ್ಶನ್ ಬೋರ್ಡ್. ಗುಂಯ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾಬಿನೆಟ್‌ಗೆ ಕರೆಂಟ್ ಸೋರಿದರೆ ನಿಮ್ಮನ್ನು ಕಾಯೋದು ಅದೇ ಪಿನ್.