ಉಪಗ್ರಹದ ಡೇಟಾಗೆ ಯುಎಸ್‌ಬಿ ಟ್ಯೂನರ್ ಒಳ್ಳೆಯದೋ, ಈಥರ್‌ನೆಟ್ ರಿಸೀವರ್ ಒಳ್ಳೆಯದೋ?

ಟ್ಯೂನರ್ ಅಂದರೆ ಕಂಪ್ಯೂಟರ್‌ನ ಯುಎಸ್‌ಬಿ ಪೋರ್ಟ್‌ಗೆ ಹಾಕುವ ಪುಟ್ಟ ಸಾಧನ; ಈಥರ್‌ನೆಟ್ ರಿಸೀವರ್ ಅಂದರೆ ಡಿಶ್‌ನ ಸಿಗ್ನಲ್‌ನಿಂದ ಡೇಟಾ ತೆಗೆದು ನೆಟ್‌ವರ್ಕ್ ಕೇಬಲ್‌ನಲ್ಲಿ ಕೊಡುವ ಪೆಟ್ಟಿಗೆ. ಎರಡನ್ನೂ ಒಂದೇ ಡಿಶ್‌ಗೆ, ಒಂದೇ ಲಿನಕ್ಸ್ ಸರ್ವರ್‌ಗೆ ಹಾಕಿ ನೋಡಿದ್ದೇನೆ. ನನ್ನ ಓಟು ಈಥರ್‌ನೆಟ್ ರಿಸೀವರ್‌ಗೆ. ಮೊದಲೇ ಅದನ್ನು ಕೊಂಡಿದ್ದರೆ ಟ್ಯೂನರ್ ದುಡ್ಡು ಉಳಿಯುತ್ತಿತ್ತು.

ನನಗೆ ಬರುವುದು ಹವಾಮಾನದ ಚಿತ್ರಗಳು, ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಒಂದೇ ಸಲ ಹಲವರಿಗೆ ಕಳಿಸುವ ಬಗೆಯಲ್ಲಿ. ಪ್ಯಾಕೆಟ್ (ಡೇಟಾದ ಒಂದು ಕಂತೆ) ಕಳೆದುಹೋದರೆ ಮತ್ತೆ ಕಳಿಸು ಅಂತ ಉಪಗ್ರಹವನ್ನು ಕೇಳುವ ಹಾಗಿಲ್ಲ. ಚಿತ್ರದಲ್ಲಿ ಅಷ್ಟು ಜಾಗ ಖಾಲಿ.

ಯುಎಸ್‌ಬಿ ಟ್ಯೂನರ್‌ನಲ್ಲಿ ಲಾಕ್ ಇತ್ತು (ಉಪಗ್ರಹದ ಸಿಗ್ನಲ್ ಹಿಡಿದಿತ್ತು), ಸಿಗ್ನಲ್ಲೂ ಚೆನ್ನಾಗಿತ್ತು. ಆದರೆ ರಾತ್ರಿ ಬ್ಯಾಕಪ್ ಶುರುವಾದ ಕೂಡಲೇ ಪ್ಯಾಕೆಟ್ ಲಾಸ್. ಬ್ಯಾಕಪ್ ಡಿಸ್ಕ್ ಟ್ಯೂನರ್ ಇದ್ದ ಯುಎಸ್‌ಬಿ ಕಂಟ್ರೋಲರ್‌ನಲ್ಲೇ ಇತ್ತು. ಬೇರೆ ಪೋರ್ಟ್‌ಗೆ ಹಾಕಿದ ಮೇಲೆ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಜೊತೆಗೆ ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದಾಗಲೆಲ್ಲ ಡ್ರೈವರ್ ಕಂಪೈಲ್ ಮಾಡುವ ಕೆಲಸ.

ಈಥರ್‌ನೆಟ್ ರಿಸೀವರ್ ಹಾಕಿದಾಗಲೂ ಲಾಸ್ ಇತ್ತು! ತುಂಬಾ ಬೇಜಾರಾಯಿತು. ಆದರೆ ಇಲ್ಲಿ ಒಂದೊಂದೇ ಹಂತ ಹುಡುಕಬಹುದು. ರಿಸೀವರ್‌ನ ಸ್ವಂತ ಎರರ್ ಕೌಂಟರ್ ಸೊನ್ನೆ. ಅಂದರೆ ಡಿಶ್, ಕೇಬಲ್ ಸರಿಯಿವೆ. ನೆಟ್‌ವರ್ಕ್ ಕಾರ್ಡ್‌ನ ಲೆಕ್ಕ ತೋರಿಸುವ ಈಥ್‌ಟೂಲ್ ಕಮಾಂಡ್ ಪ್ರಕಾರ ಕಾರ್ಡ್ ಏನೂ ಬಿಟ್ಟಿಲ್ಲ. ಯುಡಿಪಿ ಬಫರ್ (ಬಂದ ಪ್ಯಾಕೆಟ್‌ಗಳನ್ನು ಪ್ರೋಗ್ರಾಂ ಓದುವ ತನಕ ಇಡುವ ಜಾಗ) ತುಂಬುತ್ತಿರಬೇಕು ಅಂದುಕೊಂಡು, ಅದರ ಮಿತಿಯನ್ನು ಜಾಸ್ತಿ ಮಾಡಿದೆ. ಸುಮ್ನೆ ಒಂದು ದಿನ ಹೋಯಿತು.

ಕೊನೆಗೆ ಎನ್‌ಸ್ಟ್ಯಾಟ್‌ನಲ್ಲಿ, ಅಂದರೆ ಕರ್ನಲ್‌ನ ನೆಟ್‌ವರ್ಕ್ ಕೌಂಟರ್‌ಗಳನ್ನು ತೋರಿಸುವ ಕಮಾಂಡ್‌ನಲ್ಲಿ, ಸಿಕ್ಕಿತು. ತುಂಡಾಗಿ ಬಂದ ಐಪಿ ಪ್ಯಾಕೆಟ್‌ಗಳನ್ನು ಜೋಡಿಸುವಾಗ ಸೋತ ಲೆಕ್ಕ, ಅಂದರೆ 'ರೀಯಾಸ್ಮ್ ಫೇಲ್ಸ್', ಏರುತ್ತಲೇ ಇತ್ತು. ನನ್ನ ಫೀಡ್‌ನಲ್ಲಿ ಹಲವು ಚಾನೆಲ್‌ಗಳು ಒಂದೇ ಮೂಲ ವಿಳಾಸದಿಂದ ಬರುತ್ತವೆ, ಅವುಗಳ ತುಂಡುಗಳು ಒಂದರೊಳಗೊಂದು ಬೆರೆತಿರುತ್ತವೆ. ಒಂದು ಪ್ಯಾಕೆಟ್‌ನ ಎರಡು ತುಂಡುಗಳ ನಡುವೆ ಅದೇ ವಿಳಾಸದ ಬೇರೆ ತುಂಡುಗಳು 64ಕ್ಕಿಂತ ಜಾಸ್ತಿ ಬಂದರೆ, ಮೊದಲಿನದು ಕಳೆದುಹೋಯಿತು ಅಂತ ಕರ್ನಲ್ ಎಸೆದುಬಿಡುತ್ತದೆ. ಎಲ್ಲವೂ ಸರ್ವರ್ ತನಕ ಬಂದಿದ್ದವು, ಎಸೆದದ್ದು ಕರ್ನಲ್! 'ಐಪಿಫ್ರ್ಯಾಗ್ ಮ್ಯಾಕ್ಸ್ ಡಿಸ್ಟ್' ಅನ್ನೋ ಆ ಮಿತಿಯನ್ನು 0 ಮಾಡಿದರೆ ಈ ತಪಾಸಣೆಯೇ ಇರುವುದಿಲ್ಲ. ಮಾಡಿದೆ. ಆ ಕೌಂಟರ್ ಅಲ್ಲೇ ನಿಂತಿತು.

ಬೆಲೆಯಲ್ಲಿ ಟ್ಯೂನರ್ರೇ ಗೆಲ್ಲುತ್ತದೆ, ಬಹಳ ಅಂತರದಲ್ಲಿ. ಜಾಗವೂ ಬೇಕಿಲ್ಲ. ಕಲಿಯಲು, ಆಗಾಗ ಒಂದು ಚಿತ್ರ ಹಿಡಿಯಲು ಅದು ಸಾಕು. ನನ್ನ ಸರ್ವರ್ ಹಗಲೂ ರಾತ್ರಿ ಓಡಬೇಕು, ಲಾಸ್ ಎಲ್ಲಿ ಅಂತ ಬೆಳಗ್ಗೆ ಐದು ನಿಮಿಷದಲ್ಲಿ ಗೊತ್ತಾಗಬೇಕು. ಅದಕ್ಕಾಗಿ ದುಡ್ಡು ಕೂಡಿಸಿ ರಿಸೀವರ್ ಕೊಂಡೆ.

ನೀವೂ ಅದನ್ನೇ ಕೊಂಡರೆ ಆ 0 ಅನ್ನು ಸಿಸ್‌ಸಿಟಿಎಲ್ ಫೈಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳ ಫೈಲ್) ಬರೆದಿಡಿ. ಇಲ್ಲದಿದ್ದರೆ ರೀಬೂಟ್ ಆದ ಮೇಲೆ ಮತ್ತೆ 64.